ಮ್ಯಾಟ್ ಗಾಡಿ, ಸಿಮೆಂಟ್ ಧೂಳು

ಕಾಲೇಜು ಪಾರ್ಕಿಂಗ್‌ನಲ್ಲಿ ಮ್ಯಾಟ್ ಕಪ್ಪು, ಮ್ಯಾಟ್ ಗ್ರೇ ಬೈಕುಗಳು ಈಗ ಬಹಳ ಆಗ್ಯಾವ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಈ ಬಣ್ಣ ಸ್ವಲ್ಪ ದುಬಾರಿ ಪ್ರೀತಿನೇ. ಯಾಕಂದ್ರೆ ಮ್ಯಾಟ್ ಬಣ್ಣಕ್ಕೆ ಒಮ್ಮೆ ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯೋಕೆ ಬರೋದಿಲ್ಲ. ಟ್ಯಾಂಕ್ ಪೂರ್ತಿ ಮತ್ತೆ ಪೇಂಟ್ ಮಾಡಿಸಬೇಕು.

ಕಾರಣ ಸರಳ. ಹೊಳೆಯುವ ಬಣ್ಣದ ಮೇಲ್ಪದರ ಕನ್ನಡಿಯಂತೆ ಸಪಾಟಾಗಿರುತ್ತೆ, ಬೆಳಕು ಒಂದೇ ದಿಕ್ಕಿಗೆ ವಾಪಸ್ ಹೋಗುತ್ತೆ. ಮ್ಯಾಟ್‌ನಲ್ಲಿ ಕ್ಲಿಯರ್ ಕೋಟ್ ಒಳಗೆ ಸಿಲಿಕಾದಂಥ ನುಣ್ಣನೆ ಪುಡಿ ಸೇರಿಸಿರುತ್ತಾರೆ. ಒಣಗಿದಾಗ ಮೇಲ್ಮೈ ಕಣ್ಣಿಗೆ ಕಾಣದಷ್ಟು ಉಬ್ಬುತಗ್ಗಾಗಿ ಬೆಳಕು ಚದುರುತ್ತೆ. ಉಜ್ಜಿದರೆ ಆ ಉಬ್ಬುಗಳೇ ಸವೆದು ಅಲ್ಲಿ ಮಾತ್ರ ಮಿರಮಿರ ಮಿಂಚುತ್ತೆ. ಟ್ಯಾಂಕಿನ ಮೇಲೆ ಮೊಣಕಾಲು, ಜೀನ್ಸ್ ತಾಗೋ ಜಾಗ ನೋಡಿ, ಗೊತ್ತಾಗುತ್ತೆ.

ಇನ್ನು ನಮ್ಮ ಸೀಮೆಯ ಧೂಳು. ನೆಲದ ಕೆಳಗೆಲ್ಲಾ ಸುಣ್ಣದಕಲ್ಲು. ಅದರಿಂದಲೇ ಶಹಾಬಾದ್ ಕಲ್ಲು, ಅದರಿಂದಲೇ ವಾಡಿ, ಸೇಡಂ, ಮಳಖೇಡದ ಸಿಮೆಂಟ್. ಸಿಮೆಂಟ್ ನೀರು ಕಂಡರೆ ಗಟ್ಟಿಯಾಗುತ್ತೆ, ಒದ್ದೆಯಾದಾಗ ಅದರ ಪಿಎಚ್ 12 ದಾಟುತ್ತೆ. ಚಳಿಗಾಲದ ಇಬ್ಬನಿ ಬಿದ್ದರೂ ಸಾಕು, ಧೂಳು ಆ ಸಣ್ಣ ತಗ್ಗುಗಳಲ್ಲಿ ಕಚ್ಚಿಕೊಂಡು ಕೂಡುತ್ತೆ. ಹೀಗಾಗಿ ಸ್ವಲ್ಪ ನೀರು ಚಿಮುಕಿಸಿ ಬಿಡೋದಕ್ಕಿಂತ ಹಾಗೇ ಬಿಡೋದು ವಾಸಿ!

ತೊಳೆಯೋದು ಹೇಗೆ? ಒಣಬಟ್ಟೆಯಿಂದ ಮೊದಲೇ ಒರೆಸಬೇಡಿ, ಅದು ಸ್ಯಾಂಡ್ ಪೇಪರ್ ಉಜ್ಜಿದ ಹಾಗೆ. ನೆರಳಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಪೈಪಿನಿಂದ ಧಾರಾಳ ನೀರು ಬಿಟ್ಟು ಧೂಳು ಇಳಿಸಿ. ಆಮೇಲೆ ಪಿಎಚ್ ನ್ಯೂಟ್ರಲ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ, ಎರಡು ಬಕೆಟ್: ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸೋಕೆ. ವಾಷಿಂಗ್ ಸೆಂಟರ್‌ನಾಗ "ಡೀಸೆಲ್ ಹೊಡೀಲೇನ್ರಿ, ಮಸ್ತ್ ಮಿಂಚ್ತದ" ಅಂದ್ರೆ ಕೈ ಮುಗಿದು ಬ್ಯಾಡ ಅನ್ರಿ. ಮಿಂಚೋದೇ ಇಲ್ಲಿ ಸಮಸ್ಯೆ.

ನಮ್ಮ ಬೋರ್‌ವೆಲ್ ನೀರೂ ಗಡಸು. ಹನಿ ಹಾಗೇ ಒಣಗಿದರೆ ಬಿಳಿ ಕಲೆ ಉಳಿಯುತ್ತೆ, ಅದಕ್ಕೆ ತೊಳೆದ ಕೂಡಲೇ ಒತ್ತಿ ನೀರು ಹೀರಿಸಿ. ಕೆಲವರು ಹಾಸ್ಟೆಲ್ ಆರ್‌ಓ ಮಷಿನ್ ಹೊರಬಿಡೋ ನೀರು ತರುತ್ತಾರೆ. ಬ್ಯಾಡ, ಲವಣವೆಲ್ಲಾ ಆ ನೀರಲ್ಲೇ ಉಳಿದಿರುತ್ತೆ.

ಕಲೆ ಆಗಲೇ ಕಚ್ಚಿಕೊಂಡಿದ್ದರೆ ಪಿಯುಸಿ ಕೆಮಿಸ್ಟ್ರಿ ನೆನೆಸಿಕೊಳ್ಳಿ: ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತೆ. ಬಿಳಿ ವಿನೆಗರ್‌ಗೆ ನಾಲ್ಕೈದು ಪಟ್ಟು ನೀರು ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಏನೂ ಆಗದಿದ್ದರೆ ಕಲೆಯ ಮೇಲೆ ಒಂದೆರಡು ನಿಮಿಷ ಒದ್ದೆ ಬಟ್ಟೆ ಇಟ್ಟು ತೊಳೆದುಬಿಡಿ. ಟಾಯ್ಲೆಟ್ ಆಸಿಡ್ ಮಾತ್ರ ಹತ್ತಿರ ತರಬೇಡಿ, ಕ್ರೋಮ್, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತೆ. ಹಕ್ಕಿ ಹಿಕ್ಕೆ, ಚೆಲ್ಲಿದ ಪೆಟ್ರೋಲ್ ಇದ್ದರೆ ಸಂಜೆವರೆಗೆ ಕಾಯಬೇಡಿ.

ರಕ್ಷಣೆಗೆ ವ್ಯಾಕ್ಸ್, ಡ್ಯಾಶ್‌ಬೋರ್ಡ್ ಪಾಲಿಶ್ ಬೇಡ. ಮ್ಯಾಟ್‌ಗೆಂದೇ ಬರೋ ಸೀಲಂಟ್ ಇದೆ. ಗಾಡಿ ಕವರ್ ಹಾಕೋದಾದ್ರೆ ತೊಳೆದ ಗಾಡಿಗೆ ಹಾಕಿ, ಧೂಳಿನ ಮೇಲೆ ಹಾಕಿದ ಕವರ್ ಗಾಳಿಗೆ ಅಲ್ಲಾಡ್ತಾ ತಾನೇ ಉಜ್ಜುತ್ತೆ. ದುಡ್ಡು ಕಡಿಮೆ ಇದ್ದರೆ ಮೊಣಕಾಲು ತಾಗೋ ಜಾಗಕ್ಕಷ್ಟೇ ಫಿಲ್ಮ್ ಹಾಕಿಸಿ. ಅಂಗಡಿಯವರಿಗೆ "ಮ್ಯಾಟ್ ಫಿಲ್ಮೇ ಕೊಡ್ರಿ" ಅಂತ ಬಾಯಿ ಬಿಟ್ಟು ಹೇಳಿ, ಇಲ್ಲಾಂದ್ರೆ ಹೊಳೆಯೋದನ್ನೇ ಅಂಟಿಸಿ ಕಳಿಸ್ತಾರೆ.