ಎಂಜಿನ್ ಎಣ್ಣೆ: ಯಾವುದು ಹಾಕಬೇಕು, ಯಾವಾಗ ಬದಲಾಯಿಸಬೇಕು?

ನಮ್ಮ ಸದಸ್ಯರಲ್ಲಿ ಕೆಲವರಿಗೆ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆ ನೆಂಟಸ್ತಿಕೆ, ಜಮೀನು ಉಂಟು. ಅಲ್ಲಿ ರಾಗಿ, ಟೊಮ್ಯಾಟೊ ಹೊಲ ಉಳುವ ಟ್ರ್ಯಾಕ್ಟರಿಗೂ, ಇಲ್ಲಿ ತೋಟದಲ್ಲಿ ಗೊಬ್ಬರ ಮತ್ತು ಫಸಲು ಸಾಗಿಸುವ ಟ್ರ್ಯಾಕ್ಟರಿಗೂ ಒಂದೇ ಎಣ್ಣೆ ಸಾಕೆ, ಒಂದೇ ವಾಯಿದೆ ಸಾಕೆ ಎಂದು ಕೇಳುತ್ತಾರೆ. ಎಣ್ಣೆ ಒಂದೇ ಇರಬಹುದು. ಬದಲಾಯಿಸುವ ಲೆಕ್ಕ ಮಾತ್ರ ಬೇರೆ. ಇದನ್ನು ಅರಿಯದೆ ಒಂದು ಡಬ್ಬಿ ಎಣ್ಣೆ ಉಳಿಸಲು ಹೋದರೆ ಉಳುಮೆಯ ಕಾಲದಲ್ಲೋ ಕೊಯ್ಲಿನ ಕಾಲದಲ್ಲೋ ಎಂಜಿನ್ ಬಿಚ್ಚಿಸಿ ಕೂರಬೇಕಾಗುತ್ತದೆ.

1. ಡಬ್ಬಿಯ ಮೇಲಿನ ಅಂಕಿ

ಎಣ್ಣೆ ಹರಿಯುವಾಗ ಒಡ್ಡುವ ತಡೆಗೆ ಸ್ನಿಗ್ಧತೆ ಎನ್ನುತ್ತಾರೆ. ಎಣ್ಣೆ ತೀರ ತೆಳುವಾದರೆ ಬಿಸಿಯಲ್ಲಿ ಬೇರಿಂಗಿನ ನಡುವಣ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತೀರ ಮಂದವಾದರೆ ಚಾಲೂ ಮಾಡಿದಾಗ ಮೇಲಿನ ಭಾಗಗಳನ್ನು ತಡವಾಗಿ ಮುಟ್ಟುತ್ತದೆ, ಡೀಸೆಲ್ಲೂ ಹೆಚ್ಚು ಖರ್ಚಾಗುತ್ತದೆ.

15ಡಬ್ಲ್ಯು-40 ಎಂಬಲ್ಲಿ ಡಬ್ಲ್ಯು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಚಳಿಯಲ್ಲಿನ ಗುಣವನ್ನು ಹೇಳುತ್ತದೆ. ಕೊನೆಯ 40 ಎಂಬುದು 100 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಅಳೆದ ದರ್ಜೆ. 15ಡಬ್ಲ್ಯು ಎಣ್ಣೆಯನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಅಂಥ ಚಳಿ ನಮ್ಮಲ್ಲೂ ಇಲ್ಲ, ತಾಯಲೂರಿನಲ್ಲೂ ಇಲ್ಲ. ಆದ್ದರಿಂದ ಈ ಎರಡರಲ್ಲಿ ಕೈಪಿಡಿ ಹೇಳಿದ್ದನ್ನು ಹಾಕಿದರೆ ಸಾಕು.

ಬಯಲುಸೀಮೆಯ ಬಿಸಿಲಿಗೆ 50ರ ಮಂದ ಎಣ್ಣೆಯೇ ಬೇಕೆಂಬ ಮಾತುಂಟು. ನೀರಿನಿಂದ ತಣಿಯುವ ಎಂಜಿನ್ನಿನ ಒಳಬಿಸಿಯನ್ನು ಥರ್ಮೋಸ್ಟಾಟ್ ಹತೋಟಿಯಲ್ಲಿಡುತ್ತದೆ. ರೇಡಿಯೇಟರ್ ಸ್ವಚ್ಛವಾಗಿದ್ದರೆ ಹೊರಗಿನ ಹತ್ತು ಡಿಗ್ರಿಯ ವ್ಯತ್ಯಾಸಕ್ಕೆ ಎಣ್ಣೆ ಬದಲಿಸಬೇಕಾಗಿಲ್ಲ. ಸವೆದ ಎಂಜಿನ್ನಿಗೆ ಮಂದ ಎಣ್ಣೆ ಹಾಕಿದರೆ ಹೊಗೆ ಕೆಲಕಾಲ ಮರೆಯಾದೀತು, ಸವೆತ ಹೋಗದು.

ಅಂಕಿಯ ಜೊತೆಗೆ ಎ.ಪಿ.ಐ. ದರ್ಜೆಯನ್ನೂ ನೋಡತಕ್ಕದ್ದು. ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನ್ನಿಗೆ, ಎಸ್‌ನಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿಗೆ.

2. ತಾಯಲೂರಿನ ಲೆಕ್ಕ: ಧೂಳು

ಒಣ ಹೊಲದಲ್ಲಿ ಉಳುವಾಗ ಏಳುವ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಇವು ಏರ್ ಕ್ಲೀನರ್ ದಾಟಿ ಒಳಹೊಕ್ಕರೆ ಎಣ್ಣೆಯೊಡನೆ ಸೇರಿ ಸಾಣೆಯಂತೆ ಲೈನರ್, ರಿಂಗು, ಬೇರಿಂಗುಗಳನ್ನು ತೇಯುತ್ತವೆ. ಎಷ್ಟು ಒಳ್ಳೆಯ ಎಣ್ಣೆಯೂ ಇದನ್ನು ತಡೆಯಲಾರದು.

ಕೈಪಿಡಿಯಲ್ಲಿ 250 ಗಂಟೆ ಎಂದಿದೆ ಎನ್ನೋಣ. ದಿನಕ್ಕೆ 6 ಗಂಟೆ ದುಡಿದರೆ 42 ದಿನಕ್ಕೇ ವಾಯಿದೆ ಮುಗಿಯಿತು. ಧೂಳಿನ ಕೆಲಸಕ್ಕೆ ಕೈಪಿಡಿ ಇನ್ನೂ ಕಡಿಮೆ ಗಂಟೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಎಣ್ಣೆ ತುಂಬುವ ಮಾದರಿಯ ಏರ್ ಕ್ಲೀನರ್ ಇದ್ದರೆ ಉಳುಮೆಯ ಕಾಲದಲ್ಲಿ ದಿನವೂ ಬಟ್ಟಲು ಬಿಚ್ಚಿ ನೋಡಿ, ಕೆಸರು ಕಂಡರೆ ತೊಳೆದು ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ತುಂಬಬೇಕು. ಹರಿದ ರಬ್ಬರ್ ಹೋಸನ್ನು ಒಂದು ದಿನವೂ ಇಟ್ಟುಕೊಳ್ಳಬಾರದು.

3. ನಮ್ಮ ಲೆಕ್ಕ: ತೇವ

ತೋಟದ ಟ್ರ್ಯಾಕ್ಟರ್ ವಾರಕ್ಕೆ 3 ಗಂಟೆ ಓಡಿದರೆ 250 ಗಂಟೆಗೆ 83 ವಾರ, ಅಂದರೆ ಒಂದೂವರೆ ವರ್ಷಕ್ಕೂ ಮಿಗಿಲು. ಗಂಟೆ ತುಂಬಲಿಲ್ಲವೆಂದು ಎರಡು ಮಳೆಗಾಲ ಅದೇ ಎಣ್ಣೆಯಲ್ಲಿ ಕಳೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಎಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗೆ ಹನಿಗಟ್ಟಿದ ನೀರು ಆವಿಯಾಗದೆ ಎಣ್ಣೆಗೆ ಸೇರಿ ತುಕ್ಕು, ಕೆಸರಿಗೆ ದಾರಿಯಾಗುತ್ತದೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿದು, ಅದರಿಂದ ಹುಟ್ಟುವ ಆಮ್ಲದ ಕಾಟ ತಗ್ಗಿದೆ. ನೀರಿನ ಕಾಟ ತಗ್ಗಿಲ್ಲ. ಆದಕಾರಣ ಗಂಟೆ ತುಂಬಲಿ ಬಿಡಲಿ, ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು. ಕೈಪಿಡಿ ಆರು ತಿಂಗಳೆಂದರೆ ಆರೇ ತಿಂಗಳು.

4. ಬಣ್ಣ ನಂಬಬೇಡಿ

ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಡುವುದು ಅದರ ಕೆಲಸವೇ. ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಕಡ್ಡಿಯಲ್ಲಿ ಮಟ್ಟ ಏರಿದ್ದರೆ ನೀರೋ ಡೀಸೆಲ್ಲೋ ಸೋರುತ್ತಿದೆ. ಈ ಎರಡು ಕಂಡಾಗ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.

5. ಸಣ್ಣ ಎಂಜಿನ್‌ಗಳು

ಫೋರ್ ಸ್ಟ್ರೋಕ್ ಪಂಪು, ಸ್ಪ್ರೇಯರ್‌ಗಳಿಗೆ ಎಣ್ಣೆ ಹಿಡಿಯುವುದೇ ಅರ್ಧ, ಒಂದು ಲೀಟರು. ಹಲವದರಲ್ಲಿ ಫಿಲ್ಟರೂ ಇರದು. ಹೊಸದರಲ್ಲಿ ಸುಮಾರು 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಾಯಿಸುವುದು ಸಾಮಾನ್ಯ ಕ್ರಮ. ಗಂಟೆಯ ಮೀಟರಿಲ್ಲದ ಕಾರಣ ಷೆಡ್ಡಿನ ಗೋಡೆಗೆ ಒಂದು ಪುಸ್ತಕ ತೂಗುಹಾಕಿ, ಓಡಿಸಿದವರಿಂದಲೇ ಬರೆಯಿಸಿ. ಟೂ ಸ್ಟ್ರೋಕ್ ಕಳೆ ಕೊಚ್ಚುವ ಯಂತ್ರಕ್ಕೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆಯೇ ಬೇರೆ. ಟ್ರ್ಯಾಕ್ಟರಿನ ಎಣ್ಣೆ ಅದಕ್ಕೆ ಸಲ್ಲದು.

6. ಬದಲಾಯಿಸುವ ಕ್ರಮ

ಎಂಜಿನ್ ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿ. ಕೆಸರೂ ಜೊತೆಗೆ ಇಳಿಯುತ್ತದೆ. ಫಿಲ್ಟರನ್ನೂ ಆಗಲೇ ಬದಲಾಯಿಸಿ. ಮೇಲಿನ ಗುರುತು ಮೀರಿ ತುಂಬಬೇಡಿ. ತಾರೀಖು ಮತ್ತು ಮೀಟರಿನ ಗಂಟೆಯನ್ನು ಬರೆದಿಡಿ. ಇಳಿಸಿದ ಎಣ್ಣೆಯನ್ನು ತೋಡಿಗೆ, ಬಾವಿಯ ಬದಿಗೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಪರವಾನಗಿ ಪಡೆದ ಸಂಗ್ರಾಹಕರಿಗೆ ಕೊಡಿ.

ಒಟ್ಟಿನಲ್ಲಿ ಎಣ್ಣೆಯ ದರ್ಜೆಯನ್ನು ಕೈಪಿಡಿ ನೋಡಿ ಆರಿಸೋಣ. ಬದಲಾಯಿಸುವ ದಿನವನ್ನು ತಾಯಲೂರಿನವರು ಗಂಟೆ ಮತ್ತು ಧೂಳು ನೋಡಿ, ನಾವು ತಾರೀಖು ಮತ್ತು ಮಳೆ ನೋಡಿ ಗೊತ್ತುಮಾಡೋಣ. ಈ ಮಳೆಗಾಲಕ್ಕೆ ಮುಂಚೆ ಸದಸ್ಯರೆಲ್ಲರೂ ತಮ್ಮ ತಮ್ಮ ಎಂಜಿನ್ನಿನ ಕಡೆಯ ತಾರೀಖನ್ನು ಒಮ್ಮೆ ನೋಡಿಕೊಳ್ಳಬೇಕಾಗಿ ಕೋರುತ್ತೇವೆ.