ಕೋಡಿ ಬೀಳುವ ಮುಂಚೆ

ಚಿ. ರಘುವಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ರಾತ್ರಿ ಎರಡೆರಡು ಸಲ ಏಳುತ್ತೀಯಂತೆ, ಕನ್ನಡಕದ ನಂಬರ್ ಮತ್ತೆ ಬದಲಾಗಿದೆಯಂತೆ, ಸಂಜೆ ಮನೆಗೆ ಬಂದವನೇ ಸೋಫಾ ಮೇಲೆ ಬಿದ್ದುಕೊಳ್ಳುತ್ತೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಒಂದೊಂದಕ್ಕೂ ನಿನ್ನ ಹತ್ತಿರ ಒಂದೊಂದು ಕಾರಣ ರೆಡಿ ಇದೆ ಅಂತಲೂ ಹೇಳಿದಳು. ನೀರು ಜಾಸ್ತಿ ಕುಡಿಯುವುದರಿಂದ ಮೂತ್ರ, ಲ್ಯಾಪ್‌ಟಾಪ್‌ನಿಂದ ಕಣ್ಣು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಿಂದ ಸುಸ್ತು. ಇರಬಹುದಪ್ಪ. ಆದರೆ ನೀರು ಯಾಕೆ ಅಷ್ಟು ಬೇಕಾಗುತ್ತಿದೆ ಅಂತ ಯೋಚಿಸಿದ್ದೀಯಾ?

ನಿವೃತ್ತಿಯಾಗುವವರೆಗೂ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಎಳೆದವಳು ನಾನು. ಡಾಕ್ಟರಲ್ಲ, ಔಷಧಿ ಹೇಳುವುದಿಲ್ಲ. ಪರೀಕ್ಷೆಯ ವಿಷಯ ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಮೂತ್ರಪಿಂಡ ಸಕ್ಕರೆಯನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಸೋಸಿದ ಸಕ್ಕರೆಯನ್ನೆಲ್ಲ ಎಳೆದುಕೊಂಡು ಮತ್ತೆ ರಕ್ತಕ್ಕೇ ಸೇರಿಸುತ್ತದೆ. ಅದಕ್ಕೂ ಒಂದು ಮಿತಿ ಉಂಟು. ರಕ್ತದ ಸಕ್ಕರೆ ಸುಮಾರು 180 ದಾಟಿತೆಂದರೆ, ಕೆರೆ ತುಂಬಿ ಕೋಡಿ ಬಿದ್ದ ಹಾಗೆ ಅದು ಮೂತ್ರಕ್ಕೆ ಹರಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅಂದರೆ ಮೊದಲು ಮೂತ್ರ, ಆಮೇಲೆ ದಾಹ. ನೀನು ತಿರುಗಾಮುರುಗಾ ತಿಳಿದಿದ್ದೀಯ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆಯ ಕಾಲದಿಂದಲೂ ಈ ರೋಗದ ಗುರುತು ಎನ್ನುತ್ತಾರಲ್ಲ, ಅದೂ ಕೋಡಿ ಬಿದ್ದ ಮೇಲಿನ ಮಾತೇ.

ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೇ ಅದು ಸಕ್ಕರೆ ಕಾಯಿಲೆ. ಕೋಡಿ ಬೀಳುವುದು 180ರ ಆಚೆ. ಇವೆರಡರ ನಡುವೆ ಮನುಷ್ಯ ವರ್ಷಗಟ್ಟಲೆ ಏನೂ ಗೊತ್ತಾಗದೆ ಓಡಾಡಿಕೊಂಡಿರಬಹುದು. ಕಣ್ಣಿನ ಪರದೆ, ಪಾದದ ನರ, ಮೂತ್ರಪಿಂಡ ಅಷ್ಟರಲ್ಲೇ ಪೆಟ್ಟು ತಿನ್ನಲು ಶುರುವಾಗಿರುತ್ತದೆ. ಅದಕ್ಕೇ ‘ನನಗೇನೂ ಲಕ್ಷಣ ಇಲ್ಲ’ ಎಂದು ಯಾರಾದರೂ ಅಂದರೆ ನಾನು ಸುಮ್ಮನೆ ತೋಳು ಚಾಚಲು ಹೇಳುತ್ತಿದ್ದೆ.

ಹಾಗಂತ ಮೈ ಸುಳಿವೇ ಕೊಡುವುದಿಲ್ಲ ಅಂತಲ್ಲ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಗೆ ದಪ್ಪಗೆ ಮಖಮಲ್ಲಿನಂತೆ ಆಗುತ್ತದೆ. ಕೊಳೆ ಅಂದುಕೊಂಡು ನಾರು ಹಾಕಿ ಉಜ್ಜುವವರೇ ಹೆಚ್ಚು. ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಅನ್ನುವುದರ ಗುರುತು ಅದು, ಸಕ್ಕರೆ ಏರುವ ಮುಂಚೆಯೇ ಕಾಣಿಸಿಕೊಳ್ಳಬಹುದು. ಇನ್ನೊಂದು, ಗುಪ್ತಾಂಗದಲ್ಲಿ ಮತ್ತೆ ಮತ್ತೆ ಬರುವ ತುರಿಕೆ. ಗಂಡಸರು ಇದನ್ನು ಹೆಂಡತಿಗೂ ಹೇಳದೆ ಮೆಡಿಕಲ್ ಶಾಪಿನಲ್ಲಿ ಟ್ಯೂಬು ತಂದು ಹಚ್ಚಿಕೊಳ್ಳುತ್ತಾರೆ. ಗಾಯ ಮಾಯುವುದು ತಡವಾದರೆ, ಪಾದ ಜುಮ್ಮೆಂದರೆ ಅದನ್ನೂ ಬಿಡಬಾರದು. ಪಥ್ಯ ಗಿಥ್ಯ ಏನೂ ಮಾಡದೆ ತೂಕ ಇಳಿದವನಿಗೆ ಮದುವೆ ಮನೆಯಲ್ಲಿ ‘ಸ್ಲಿಮ್ ಆಗಿದ್ದೀಯಲ್ಲೋ’ ಎಂಬ ಹೊಗಳಿಕೆ ಬೇರೆ! ನಿನ್ನ ಕನ್ನಡಕದ ವಿಷಯಕ್ಕೆ ಬಂದರೆ, ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರ ಊದಿ ನಂಬರ್ ಏರುಪೇರಾಗುತ್ತದೆ. ರಿಪೋರ್ಟ್ ಬರುವವರೆಗೆ ಹೊಸ ಕನ್ನಡಕಕ್ಕೆ ದುಡ್ಡು ಸುರಿಯಬೇಡ.

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನವರು ನಮ್ಮ ಜನಕ್ಕೆಂದೇ ಒಂದು ಅಂಕಪಟ್ಟಿ ಮಾಡಿದ್ದಾರೆ, ಸೂಜಿಯೂ ಬೇಡ. 35ರಿಂದ 49ರ ವಯಸ್ಸಿಗೆ 20. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ 10. ವ್ಯಾಯಾಮ ಇಲ್ಲ, ಕೂತು ಮಾಡುವ ಕೆಲಸ, ಅದಕ್ಕೆ 30. ಗಂಡಸರ ಸೊಂಟ 90 ಸೆಂಟಿಮೀಟರ್ ಮುಟ್ಟಿದರೆ 10, 100 ಆದರೆ 20. ಪ್ಯಾಂಟಿನ ಸೈಜು ಹೇಳಬೇಡ, ನೀನು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ. ಟೇಪು ಹಿಡಿದು ಅಳತೆ ಮಾಡು. 60 ಆದರೆ ಅಪಾಯ ಹೆಚ್ಚು ಅಂತ ಲೆಕ್ಕ. ಸೊಂಟ ಬಿಟ್ಟೇ ನಿನಗೆ 60 ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಇವರೇ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಜನಕ್ಕೆ ಕಾಯಿಲೆ, ಇನ್ನೂ 13.6 ಕೋಟಿ ಜನ ಬಾರ್ಡರಿನಲ್ಲಿ ಎಂಬುದು ಅದರ ಅಂದಾಜು. ನೀನೊಬ್ಬನೇ ಅಂತ ನಾಚಿಕೊಳ್ಳುವ ಅಗತ್ಯವೇನೂ ಇಲ್ಲ.

ಇನ್ನು ಲ್ಯಾಬಿಗೆ ಹೋಗುವ ಕ್ರಮ. ‘ಎಂಬತ್ತು ಟೆಸ್ಟು, ಅರ್ಧ ರೇಟು’ ಅನ್ನುವ ಪ್ಯಾಕೇಜು ಬೇಡ. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ, ಇವೆರಡು ಸಾಕು. ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಬಾರದು. ‘ಕಾಫಿ ಮಾತ್ರ ಕುಡಿದೆ ಸಿಸ್ಟರ್, ಸಕ್ಕರೆ ಹಾಕಿಲ್ಲ’ ಅನ್ನುವವರು ದಿನಾ ಬರುತ್ತಿದ್ದರು. ಹಾಲಿನಲ್ಲೂ ಸಕ್ಕರೆ ಇದೆ. ಮೂರು ದಿನ ಸಿಹಿ ಮುಟ್ಟದೆ, ಅನ್ನ ಬಿಟ್ಟು, ಬೆಳಿಗ್ಗೆ ಪಾರ್ಕಿನಲ್ಲಿ ಬೆವರು ಸುರಿಸಿ ಬರುವವರದು ಇನ್ನೊಂದು ಜಾತಿ. ಪರೀಕ್ಷೆಯಲ್ಲಿ ಪಾಸಾಗಿ ಯಾರಿಗೆ ಮೋಸ ಮಾಡುತ್ತಾರೋ! ಎಚ್‌ಬಿಎ1ಸಿ ಮುಂದೆ ಆ ಆಟ ನಡೆಯುವುದಿಲ್ಲ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ರಕ್ತಹೀನತೆ ಇದ್ದವರಲ್ಲಿ ಮಾತ್ರ ಅದರ ಲೆಕ್ಕ ತಪ್ಪಬಹುದು, ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಜ್ವರ ಇದ್ದಾಗ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಸಕ್ಕರೆ ತಾನಾಗಿ ಏರುತ್ತದೆ, ಅದನ್ನೂ ಹೇಳಬೇಕು.

ರಕ್ತ ಎಳೆಯುವಾಗ ಟ್ಯೂಬಿನ ಮುಚ್ಚಳ ನೋಡು. ಸಕ್ಕರೆಗೆ ಬೂದು ಬಣ್ಣ, ಎಚ್‌ಬಿಎ1ಸಿಗೆ ನೇರಳೆ. ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಅದನ್ನು ತಡೆಯಲಿಕ್ಕೆ ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ಬೇರೆ ಟ್ಯೂಬಿನಲ್ಲಿ ಹಿಡಿದು ಗಂಟೆಗಟ್ಟಲೆ ಇಟ್ಟರೆ ಇರುವುದಕ್ಕಿಂತ ಕಡಿಮೆ ಬರುತ್ತದೆ, ನೀನು ಖುಷಿಯಾಗಿ ಮನೆಗೆ ಹೋಗುತ್ತೀಯ. ಮನೆಯಲ್ಲಿ ಅಪ್ಪನ ಗ್ಲುಕೋಮೀಟರ್ ಇದೆಯಲ್ಲ ಅನ್ನಬೇಡ. ಕಾಯಿಲೆ ಇದ್ದವರು ಹತೋಟಿ ನೋಡಿಕೊಳ್ಳಲು ಇರುವ ಯಂತ್ರ ಅದು. 150 ಇದ್ದದ್ದನ್ನು 130 ಅಂತಲೋ 170 ಅಂತಲೋ ತೋರಿಸಿದರೂ ಅದು ಕೆಟ್ಟಿದೆ ಅನ್ನುವಂತಿಲ್ಲ. ಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿದರಂತೂ ನಿನ್ನ ರಕ್ತದ ಜೊತೆ ಹಣ್ಣಿನ ಸಕ್ಕರೆಯನ್ನೂ ಅಳೆಯುತ್ತದೆ.

ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯದು 100ರ ಒಳಗೆ, ಎಚ್‌ಬಿಎ1ಸಿ 5.7ರ ಒಳಗೆ ಇದ್ದರೆ ಸರಿ. 126 ಅಥವಾ 6.5 ಮುಟ್ಟಿದರೆ ಕಾಯಿಲೆ. ನಡುವೆ ಇದ್ದರೆ ಡಾಕ್ಟರು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಲು ಹೇಳಬಹುದು. ಅಲ್ಲಿ 140 ಗಡಿ, 200 ಕಾಯಿಲೆ. ಖಾಲಿ ಹೊಟ್ಟೆಯದು, ಎಚ್‌ಬಿಎ1ಸಿ ಇವೆರಡರಲ್ಲಿ ಒಂದು ಮಾತ್ರ ಮಿತಿ ದಾಟಿದ್ದರೆ ಇನ್ನೊಮ್ಮೆ ಮಾಡಿಸದೆ ನಿರ್ಧಾರಕ್ಕೆ ಬರಬೇಡ. ಬಾರ್ಡರ್ ಅಂತ ಬಂದರೆ ಜನ ‘ಸದ್ಯ ಬಚಾವ್’ ಎಂದು ಹೋಟೆಲಿಗೆ ಹೋಗುತ್ತಾರೆ. ನನ್ನ ಪ್ರಕಾರ ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಗಡಿಯಲ್ಲಿದ್ದ ನಮ್ಮ ದೇಶದವರಿಗೇ ನಡಿಗೆ, ಊಟದ ಬದಲಾವಣೆ ಹೇಳಿಕೊಟ್ಟು ಮಾಡಿದ ಅಧ್ಯಯನ 2006ರಲ್ಲಿ ಬಂತು. ಅಷ್ಟರಿಂದಲೇ ಕಾಯಿಲೆಗೆ ತಿರುಗುವ ಸಂಭವ ನೂರಕ್ಕೆ ಇಪ್ಪತ್ತೆಂಟರಷ್ಟು ತಗ್ಗಿತ್ತು.

ಮಕ್ಕಳ ವಿಷಯದಲ್ಲಿ ಈ ನಿಧಾನ ಯಾವುದೂ ಸಲ್ಲದು. ಹಾಸಿಗೆ ಒದ್ದೆ ಮಾಡುವುದು ನಿಲ್ಲಿಸಿದ್ದ ಮಗು ಮತ್ತೆ ಶುರು ಮಾಡಿದರೆ, ಬಾಟಲಿಗಟ್ಟಲೆ ನೀರು ಕುಡಿದು ಸೊರಗುತ್ತಿದ್ದರೆ, ಅವತ್ತೇ ರಕ್ತ ನೋಡಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಸೇರಿಕೊಂಡರೆ ಲ್ಯಾಬು ಗೀಬು ಅಂತ ನಿಲ್ಲದೆ ನೇರ ಆಸ್ಪತ್ರೆಗೆ. ಟೈಪ್ 1 ಎನ್ನುವುದು ವಾರಗಳಲ್ಲಿ ಮೇಲೆ ಬೀಳುತ್ತದೆ, ಇನ್ಸುಲಿನ್ ಬಿಟ್ಟು ಅದಕ್ಕೆ ಕಷಾಯ ಇಲ್ಲ.

ದುಡ್ಡಿನ ಪ್ರಶ್ನೆ ನಿನಗಿಲ್ಲ. ನಿಮ್ಮ ಮನೆ ಕೆಲಸಕ್ಕೆ ಬರುವ ಆಕೆಗೆ ಇರಬಹುದು. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಕ್ಕರೆ ನೋಡುತ್ತಾರೆ, ಹೇಳು.

ಕೊನೆಗೆ ನಿನ್ನ ಹೆಂಡತಿ ಸುಮಾಳ ಮಾತು. ಬಸುರಿಯಾಗಿದ್ದಾಗ ಅವಳಿಗೆ ಶುಗರ್ ಬಂದಿತ್ತು, ಹೆರಿಗೆಯಾದ ಮೇಲೆ ಹೋಯಿತು ಅಂತ ಎಲ್ಲರೂ ಮರೆತಿದ್ದೀರಿ. ಹಾಗೆ ಬಂದು ಹೋದವರಿಗೆ ಮುಂದೆ ಕಾಯಿಲೆ ಬರುವ ಸಂಭವ ಬೇರೆ ಹೆಂಗಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಹೆರಿಗೆಯಾಗಿ ಆರು ವಾರಕ್ಕೆ ಒಮ್ಮೆ ನೋಡಿ, ಆಮೇಲೂ ಆಗಾಗ ನೋಡುತ್ತಿರಬೇಕಿತ್ತು. ಯಾರೂ ನೋಡಿಲ್ಲ ಅಂತ ನಿನ್ನಮ್ಮನನ್ನು ಕೇಳಿ ತಿಳಿದುಕೊಂಡೆ. ಅವಳನ್ನೂ ಕರೆದುಕೊಂಡು ಹೋಗು. ‘ನಾರ್ಮಲ್ ಅತ್ತೆ’ ಅಂತ ಒಂದೇ ಮಾತಿನ ಮೆಸೇಜು ಬೇಡ, ಇಬ್ಬರ ರಿಪೋರ್ಟೂ ಫೋಟೋ ತೆಗೆದು ವಾಟ್ಸಪ್ ಮಾಡು.

ಇತಿ,
ನಿನ್ನ ಅತ್ತೆ