ಆಜ್ಞೆಗೆ ಮಣಿಯದ ಹೆಲಿಕಾಪ್ಟರ್

ದೂರದಿಂದ ಯಂತ್ರವನ್ನು ನಡೆಸುವ ವಿದ್ಯೆ ಹೊಸದಲ್ಲ. ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ೧೮೯೮ರಲ್ಲಿಯೇ ನ್ಯೂಯಾರ್ಕ್ ನಗರದಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿದನು. ಇಂದು ಅಂಗಡಿಗಳಲ್ಲಿ ದೊರೆಯುವ ಆಟದ ಹೆಲಿಕಾಪ್ಟರ್ ಆ ವಿದ್ಯೆಯ ವಂಶದ್ದೇ ಆಗಿದೆ. ಆದರೆ ಕೊಂಡ ಕೆಲವೇ ದಿನಗಳಲ್ಲಿ ಅದು ಮಿಸುಕದೆ ಕುಳಿತರೆ, ಮಕ್ಕಳು ಅಳುವರು; ಪಾಲಕರು ಹಣ ಹಾಳಾಯಿತೆಂದು ಅದನ್ನು ಅಟ್ಟಕ್ಕೆ ಸೇರಿಸುವರು. ಅದಕ್ಕೂ ಮೊದಲು ಕ್ರಮವಾದ ಪರೀಕ್ಷೆಯೊಂದು ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಬೆರಳಿನ ಆಜ್ಞೆಯು ರೆಕ್ಕೆಯನ್ನು ಮುಟ್ಟುವುದಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಇವುಗಳಲ್ಲಿ ಯಾವುದು ಕೆಟ್ಟರೂ ಹೆಲಿಕಾಪ್ಟರ್ ಏಳದು. ಆದುದರಿಂದ ಒಂದೊಂದನ್ನೇ ನೋಡೋಣ.

೧. ವಿದ್ಯುತ್ತು: ರಿಮೋಟಿನ ಸೆಲ್ಲುಗಳು ಗುರುತಿನಂತೆ ಕುಳಿತಿವೆಯೇ? ಸ್ಪ್ರಿಂಗಿಗೆ ಕಿಲುಬು ಹಿಡಿದಿದೆಯೇ? ಹಿಡಿದಿದ್ದರೆ ಸೆಲ್ಲುಗಳನ್ನು ತೆಗೆದು ಒಣ ಬಟ್ಟೆಯಿಂದ ಉಜ್ಜಬೇಕು. ಹಳೆಯ ಸೆಲ್ಲಿನೊಡನೆ ಹೊಸದನ್ನು ಬೆರೆಸಬಾರದು. ಹೆಲಿಕಾಪ್ಟರಿನೊಳಗೆ ಸಾಮಾನ್ಯವಾಗಿ ೩.೭ ವೋಲ್ಟಿನ ಲಿಥಿಯಮ್ ಬ್ಯಾಟರಿ ಇರುತ್ತದೆ. ಅದರ ದೀಪ ಉರಿದ ಮಾತ್ರಕ್ಕೆ ಬ್ಯಾಟರಿ ತುಂಬಿದೆಯೆಂದು ತಿಳಿಯಬಾರದು. ದೀಪಕ್ಕೆ ಸಾಲುವ ವಿದ್ಯುತ್ತು ರೆಕ್ಕೆಗೆ ಸಾಲದು.

೨. ಸಂದೇಶ: ಕೆಲವು ಹೆಲಿಕಾಪ್ಟರುಗಳು ಅವಕೆಂಪು ಕಿರಣಗಳಿಂದಲೂ ಕೆಲವು ೨.೪ ಗಿಗಾಹರ್ಟ್ಸ್ ರೇಡಿಯೊ ಅಲೆಗಳಿಂದಲೂ ನಡೆಯುತ್ತವೆ. ಬಿಸಿಲಿನಲ್ಲಿಯೂ ಅವಕೆಂಪು ಕಿರಣಗಳು ಹೇರಳವಾಗಿರುವುದರಿಂದ, ಮೊದಲನೆಯ ಬಗೆಯದಕ್ಕೆ ಅಂಗಳದಲ್ಲಿ ರಿಮೋಟಿನ ಸಂದೇಶ ತಿಳಿಯದೆ ಹೋಗಬಹುದು. ಅದನ್ನು ಕೋಣೆಯೊಳಗೆ ಪರೀಕ್ಷಿಸಬೇಕು. ಈ ಕಿರಣ ನಮ್ಮ ಕಣ್ಣಿಗೆ ಕಾಣದು. ಆದರೆ ಅನೇಕ ಮೊಬೈಲ್ ಫೋನುಗಳ ಕ್ಯಾಮರಾಕ್ಕೆ ಕಾಣುತ್ತದೆ. ಮೊದಲು ಅವಕೆಂಪು ಕಿರಣದಿಂದ ನಡೆಯುವ ಟಿ.ವಿ. ರಿಮೋಟೊಂದರ ಗುಂಡಿಯನ್ನು ಕ್ಯಾಮರಾದ ಮುಂದೆ ಒತ್ತಿರಿ. ಫೋನಿನ ಪರದೆಯ ಮೇಲೆ ನಸುನೇರಳೆ ಬೆಳಕು ಕಂಡರೆ ಕ್ಯಾಮರಾ ಪರೀಕ್ಷೆಗೆ ಯೋಗ್ಯವಾಗಿದೆ. ತರುವಾಯ ಹೆಲಿಕಾಪ್ಟರಿನ ರಿಮೋಟನ್ನು ಹಿಡಿಯಿರಿ. ಆಗ ಬೆಳಕು ಕಾಣದಿದ್ದರೆ ದೋಷವು ರಿಮೋಟಿನಲ್ಲಿದೆ. ರೇಡಿಯೊ ಬಗೆಯದಕ್ಕೆ ಈ ಪರೀಕ್ಷೆ ಸಲ್ಲದು.

೩. ಪರಿಚಯ: ರಿಮೋಟೂ ಹೆಲಿಕಾಪ್ಟರೂ ಒಂದನ್ನೊಂದು ಗುರುತಿಸಿಕೊಳ್ಳಬೇಕು. ಎರಡನ್ನೂ ಆರಿಸಿ, ಮೇಲೇರಿಸುವ ಹಿಡಿಕೆಯನ್ನು ಪೂರ್ತಿ ಕೆಳಗಿಳಿಸಿ, ಹೆಲಿಕಾಪ್ಟರನ್ನು ಸಮನೆಲದ ಮೇಲಿಟ್ಟು, ಸೂಚನಾಪತ್ರದಲ್ಲಿ ಹೇಳಿದ ಕ್ರಮದಲ್ಲಿಯೇ ಸ್ವಿಚ್ಚುಗಳನ್ನು ಹಾಕಬೇಕು. ಅನೇಕ ಮಾದರಿಗಳಲ್ಲಿ ಮಿನುಗುವ ದೀಪವು ಆಗ ಸ್ಥಿರವಾಗುತ್ತದೆ. ಹಿಡಿಕೆ ಮೇಲಿದ್ದರೆ ಹಲವು ಹೆಲಿಕಾಪ್ಟರುಗಳು ಆಜ್ಞೆಯನ್ನು ಸ್ವೀಕರಿಸುವುದೇ ಇಲ್ಲ. ರೆಕ್ಕೆಯು ತಟ್ಟನೆ ತಿರುಗಿ ಬೆರಳಿಗೆ ಪೆಟ್ಟಾಗದಿರಲೆಂದು ಈ ಏರ್ಪಾಡು.

೪. ಚಲನೆ: ದೀಪ ಸ್ಥಿರವಾಗಿದ್ದೂ ರೆಕ್ಕೆ ತಿರುಗದಿದ್ದರೆ, ಸ್ವಿಚ್ಚನ್ನು ಆರಿಸಿ, ಅಚ್ಚಿಗೆ ಕೂದಲು ಅಥವಾ ನೂಲು ಸುತ್ತಿದೆಯೇ, ಹಲ್ಲುಚಕ್ರ ಮುರಿದಿದೆಯೇ ನೋಡಬೇಕು. ತಂತಿ ಕಿತ್ತಿದ್ದರೆ ಬೆಸುಗೆ ಬಲ್ಲವರಿಗೆ ಒಪ್ಪಿಸಬೇಕು.

ಒಂದು ಎಚ್ಚರಿಕೆಯ ಮಾತು. ಉಬ್ಬಿದ ಲಿಥಿಯಮ್ ಬ್ಯಾಟರಿಯನ್ನು ಎಂದಿಗೂ ಚಾರ್ಜು ಮಾಡಬಾರದು, ಚುಚ್ಚಬಾರದು, ಒಲೆಗೂ ಕಸದ ಬುಟ್ಟಿಗೂ ಹಾಕಬಾರದು. ಬೆಂಕಿ ಹತ್ತುವ ಅಪಾಯವಿದೆ. ಅದನ್ನು ಇ-ತ್ಯಾಜ್ಯ ಸ್ವೀಕರಿಸುವವರಿಗೆ ಕೊಡಬೇಕು. ಒಳ್ಳೆಯ ಬ್ಯಾಟರಿಯನ್ನಾದರೂ ಹಿರಿಯರ ಕಣ್ಣೆದುರಿಗೇ ಚಾರ್ಜು ಮಾಡತಕ್ಕದ್ದು.

ವಿದ್ಯಾರ್ಥಿಗಳೇ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಕಂಡುದನ್ನು ಪುಸ್ತಕದಲ್ಲಿ ಬರೆದಿಡಿರಿ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದವನ ಹೆಲಿಕಾಪ್ಟರ್ ಹಾರಬಹುದು; ಅದು ಏಕೆ ಹಾರಿತೆಂಬುದು ಮಾತ್ರ ಅವನಿಗೆ ತಿಳಿಯದು. ಪಾಲಕರೂ ಆಟಿಕೆಯನ್ನು ಅಟ್ಟಕ್ಕೆ ಹಾಕುವ ಮೊದಲು ಮಕ್ಕಳಿಗೆ ಒಂದು ಸಂಜೆಯ ಅವಕಾಶವನ್ನು ಕೊಡಲಿ. ಪ್ರಯೋಗಶಾಲೆಯಲ್ಲಿ ನಾವು ಕಲಿಸಬಯಸುವ ವಿಧಾನವೂ ಇದೇ ಆಗಿದೆ.